ಕಣ್ಣೆತ್ತಿ ನೋಡೋಣ

ನೋಡುವುದು ಬೇರೆ, ಕಾಣುವುದು ಬೇರೆ. ಹಂಪಾಪುರದಂತಹ ಊರುಗಳಿಂದ ದಿನವೂ ಎಷ್ಟೋ ಜನ ಕೆಲಸಕಾರ್ಯಗಳಿಗಾಗಿ ಮೈಸೂರಿಗೆ ಹೋಗಿಬರುತ್ತಾರೆ. ಅಂಗಡಿಯ ನಾಮಫಲಕ ಅವರ ಕಣ್ಣಿಗೆ ಬೀಳುತ್ತದೆ. ಅದರ ಮೇಲಿರುವ ಕಮಾನು ಬೀಳುವುದಿಲ್ಲ. ನಗರವೆಂದರೆ ಸಂತೆ ಮಾತ್ರವಲ್ಲ, ಕಲ್ಲುಗಾರೆಗಳಲ್ಲಿ ಬರೆದಿಟ್ಟ ಚರಿತ್ರೆಯೂ ಹೌದು.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗಾಗಿ 1927ರಲ್ಲಿ ದೊಡ್ಡ ಗಡಿಯಾರವನ್ನು ಕಟ್ಟಲಾಯಿತು. ಅದು ಗಂಟೆಯನ್ನು ತೋರಿಸುವುದು ಕನ್ನಡದ ಅಂಕಿಗಳಲ್ಲಿ! ಇದನ್ನು ಗಮನಿಸಿದವರೆಷ್ಟು ಮಂದಿ? 1897ರಲ್ಲಿ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ, ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅದರ ಕಲ್ಯಾಣಮಂಟಪದ ಎರಕದ ಕಬ್ಬಿಣದ ಕಂಬಗಳೂ ಬಣ್ಣದ ಗಾಜಿನ ಚಾವಣಿಯೂ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಿಂದ ಬಂದವು. ಆ ಗಾಜಿನಲ್ಲಿ ಮೆರೆಯುವುದು ಮಾತ್ರ ನಮ್ಮ ನವಿಲು. ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳನ್ನು ಕಂಡವರಿಗೆ ಜರ್ಮನಿಯ ಕಲೋನ್ ನಗರದ ಮಹಾಚರ್ಚಿನ ಪರಿಚಯವೂ ಆದಂತೆಯೇ ಸರಿ. ಹೊರಗಿನ ಒಳ್ಳೆಯದನ್ನು ಬರಮಾಡಿಕೊಂಡು ತನ್ನದಾಗಿಸಿಕೊಂಡ ನಾಡಿನ ಕಥೆ ಇದು.

ಇವೆಲ್ಲ ರಾಜವೈಭವದ ಕುರುಹುಗಳು, ನಮಗೇಕೆ ಎನ್ನುವವರುಂಟು. ರಾಜರ ಬೊಕ್ಕಸವನ್ನು ತುಂಬಿದವನು ರೈತ. ಉಳಿ ಹಿಡಿದವನು ಕಲ್ಲುಕುಟಿಗ. ಗಾರೆಯಲ್ಲಿ ಹೂಬಳ್ಳಿಯನ್ನು ಅರಳಿಸಿದವನು ಕೂಲಿಗೆ ದುಡಿದ ಕುಶಲಿ. ಅವರಲ್ಲಿ ಬಹುಮಂದಿಯ ಹೆಸರು ನಮಗೆ ಉಳಿದುಬಂದಿಲ್ಲ. ಆ ಹೂಬಳ್ಳಿಗಳೇ ಅವರ ರುಜು.

ಯಾರೂ ಗಮನಿಸದ ವಸ್ತು ಬಹುಕಾಲ ಬಾಳಲಾರದು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿದ್ದಿತು. ಆಮೇಲೆ ಕೆಡವಬೇಕೆ, ಉಳಿಸಬೇಕೆ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು. ಜನರ ಜೀವವೇ ಮೊದಲು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸೋರುವ ಚಾವಣಿಯನ್ನು ಸೋರತೊಡಗಿದಾಗಲೇ ಸರಿಪಡಿಸಬೇಕು. ಗೋಡೆಯ ಬಿರುಕಿನಲ್ಲಿ ಮೊಳೆತ ಅರಳಿಯ ಸಸಿಯನ್ನು ಬೇರು ಬಿಡುವ ಮುನ್ನವೇ ಕೀಳಬೇಕು. ಹಾಗೆ ಮಾಡಿದರೆ ಇಂತಹ ವಾದ ಹುಟ್ಟುವ ಸಂದರ್ಭವೇ ವಿರಳವಾಗುತ್ತದೆ.

ಕಾಣುವ ಕಣ್ಣಿಗೆ ಮೈಸೂರೇ ಬೇಕೆಂದಿಲ್ಲ. ನಿಮ್ಮೂರಿನ ತೊಟ್ಟಿಮನೆಯ ಕಂಬವನ್ನು, ಬಾಗಿಲುವಾಡದ ಕೆತ್ತನೆಯನ್ನು, ಗುಡಿಯ ಗೋಡೆಯನ್ನು ನಿಂತು ನೋಡಿರಿ. ಅವುಗಳನ್ನು ಮಾಡಿದವರು ಯಾರೆಂದು ಹಿರಿಯರನ್ನು ಕೇಳಿರಿ, ಕೇಳಿದ್ದನ್ನು ಬರೆದಿಡಿರಿ. ಕಂಡವರು ಮಾತ್ರವೇ ಕಾಪಾಡಬಲ್ಲರು.