ಮಿಥ್ಯಾಗಣಕಗಳಿಗೆ ಎಂತಹ ಯಂತ್ರ ಬೇಕು?

ಭೌತಶಾಸ್ತ್ರವನ್ನು ಬೋಧಿಸುವ ನಮ್ಮಲ್ಲಿಗೆ ವಿದ್ಯಾರ್ಥಿಗಳು ಬೆಳಕಿನ ವ್ಯತಿಕರಣವನ್ನೋ ಉಷ್ಣಗತಿಶಾಸ್ತ್ರದ ನಿಯಮಗಳನ್ನೋ ಕೇಳಿಕೊಂಡು ಬರುವುದು ಸಹಜ. ಆದರೆ ಈಚಿನ ಕೆಲವು ವರ್ಷಗಳಿಂದ ಅವರಲ್ಲಿ ಹಲವರು ಬೇರೊಂದು ಪ್ರಶ್ನೆಯನ್ನು ಹಿಡಿದು ಬರುತ್ತಿದ್ದಾರೆ: “ಸಾರ್, ಮನೆಯಲ್ಲಿ ವರ್ಚುಯಲ್ ಮೆಷಿನ್‌ಗಳನ್ನು ನಡೆಸಿ ಕಲಿಯಬೇಕೆಂದಿದ್ದೇನೆ, ಯಾವ ಕಂಪ್ಯೂಟರ್ ಕೊಳ್ಳಲಿ?” ಪ್ರಶ್ನೆ ಚಿಕ್ಕದು. ಅದರ ಹಿಂದೆ ತಂದೆತಾಯಿಗಳ ವರ್ಷದ ಉಳಿತಾಯವಿರುವುದರಿಂದ ಉತ್ತರ ಹೇಳುವವರ ಹೊಣೆ ಮಾತ್ರ ಚಿಕ್ಕದಲ್ಲ.

2024ರ ಜೂನ್ ತಿಂಗಳಿನಲ್ಲಿ ಬಿ.ಎಸ್‌ಸಿ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನು ಯಾರನ್ನೂ ಕೇಳದೆ ಯಂತ್ರವೊಂದನ್ನು ಕೊಂಡನು. ಬಣ್ಣದ ದೀಪಗಳುಳ್ಳ ಪೆಟ್ಟಿಗೆ, ಎಂಟು ಕೋರ್‌ಗಳ ಹೊಸ ಪ್ರೊಸೆಸರ್, ಆಟಗಳಿಗೆ ಒದಗುವ ದುಬಾರಿ ಗ್ರಾಫಿಕ್ಸ್ ಕಾರ್ಡ್. ಇಷ್ಟಕ್ಕೇ ಹಣ ಮುಗಿದುದರಿಂದ ಮೆಮೊರಿ ಮಾತ್ರ 8 ಗಿಗಾಬೈಟ್. ಅದರಲ್ಲಿ ಎರಡು ವರ್ಚುಯಲ್ ಮೆಷಿನ್‌ಗಳು ಹೇಗೋ ನಡೆದವು. ಮೂರನೆಯದನ್ನು ಆರಂಭಿಸಿದೊಡನೆ ಡಿಸ್ಕಿನ ದೀಪ ಎಡೆಬಿಡದೆ ಉರಿಯತೊಡಗಿತು, ಪರದೆಯ ಮೇಲಿನ ಬಾಣ ನಿಂತಲ್ಲಿಯೇ ನಿಂತಿತು. ಅಷ್ಟು ಹಣ ಕೊಟ್ಟು ತಂದ ಪ್ರೊಸೆಸರ್ ಹೆಚ್ಚುಕಡಮೆ ಕೆಲಸವಿಲ್ಲದೆ ಕುಳಿತಿತ್ತು. ಯಂತ್ರ ಕೆಟ್ಟಿದೆಯೆಂದು ಹುಡುಗ ಭಾವಿಸಿದನು. ಅದರಲ್ಲಿ ಯಾವ ದೋಷವೂ ಇರಲಿಲ್ಲ.

ಇಂತಹ ತಪ್ಪಿಗೆ ಹೆಸರೂ ಸ್ವಲ್ಪಮಟ್ಟಿಗೆ ಕಾರಣವಿರಬಹುದು. ದರ್ಪಣದೊಳಗೆ ಕಾಣುವ ಮಿಥ್ಯ ಪ್ರತಿಬಿಂಬವನ್ನು ಪ್ರೌಢಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ. ಅಲ್ಲಿರುವ ‘ವರ್ಚುಯಲ್’ ಎಂಬ ವಿಶೇಷಣವೇ ಇಲ್ಲಿಯೂ ಇದೆ; ಆದುದರಿಂದ ಇವನ್ನು ನಾವು ಮಿಥ್ಯಾಗಣಕಗಳೆಂದು ಕರೆಯುತ್ತೇವೆ. ಒಂದೇ ನಿಜವಾದ ಗಣಕದ ಮೇಲೆ ಹೈಪರ್‌ವೈಸರ್ ಎಂಬ ಮೇಲ್ವಿಚಾರಕ ತಂತ್ರಾಂಶವು ಕುಳಿತು, ತನ್ನ ಅಧೀನದಲ್ಲಿರುವ ಪ್ರತಿಯೊಂದು ವಿಂಡೋಸಿಗೂ ಲಿನಕ್ಸಿಗೂ ‘ಈ ಯಂತ್ರವೆಲ್ಲ ನಿನ್ನದೇ’ ಎಂಬ ಭ್ರಮೆಯನ್ನು ಉಂಟುಮಾಡುತ್ತದೆ. ಉಪಾಯ ಹೊಸದಲ್ಲ. ಅಮೆರಿಕದ ಕೇಂಬ್ರಿಜ್ ನಗರದಲ್ಲಿ ಐಬಿಎಂ ಸಂಸ್ಥೆಯವರು ಸಿದ್ಧಪಡಿಸಿದ ಸಿಪಿ-40 ಎಂಬ ವ್ಯವಸ್ಥೆಯು 1967ರಲ್ಲಿಯೇ ಒಂದು ಗಣಕವನ್ನು ಹದಿನಾಲ್ಕಾಗಿ ತೋರಿಸುತ್ತಿತ್ತು. ಮೇಜಿನ ಮೇಲಿನ ಸಾಮಾನ್ಯ ಗಣಕಗಳಿಗೆ ವಿಎಂವೇರ್ ಸಂಸ್ಥೆಯ ತಂತ್ರಾಂಶ 1999ರಲ್ಲಿ ಬಂದಿತು. ಇಂಟೆಲ್ ಸಂಸ್ಥೆ 2005ರಲ್ಲಿ, ಎಎಂಡಿ ಸಂಸ್ಥೆ 2006ರಲ್ಲಿ, ಇದಕ್ಕೆ ಬೇಕಾದ ಸೌಕರ್ಯವನ್ನು ಪ್ರೊಸೆಸರಿನೊಳಗೇ ಅಳವಡಿಸಿದವು.

ಆದರೆ ದರ್ಪಣದ ಬಿಂಬಕ್ಕೆ ಕೋಣೆಯಲ್ಲಿ ಸ್ಥಳ ಬೇಡ, ಮಿಥ್ಯಾಗಣಕಕ್ಕೆ ಬೇಕು. ನಮ್ಮ ವಾದವೆಲ್ಲ ಇರುವುದು ಇಲ್ಲಿಯೇ. ಪ್ರೊಸೆಸರಿನ ಕಾಲವನ್ನು ಹಂಚಬಹುದು. ಒಬ್ಬ ಅಧ್ಯಾಪಕರು ದಿನಕ್ಕೆ ನಾಲ್ಕು ತರಗತಿಗಳಿಗೆ ಸರದಿಯಂತೆ ಪಾಠ ಹೇಳುವ ಹಾಗೆ ಅದು ಎಲ್ಲ ಮಿಥ್ಯಾಗಣಕಗಳನ್ನೂ ಸರದಿಯಂತೆ ನೋಡಿಕೊಳ್ಳುತ್ತದೆ. ಕಲಿಯುವವನ ಪ್ರಯೋಗಗಳಲ್ಲಿ ಅವು ಬಹುಪಾಲು ಸಮಯ ಸುಮ್ಮನಿರುವುದರಿಂದ ಈ ಹಂಚಿಕೆ ಯಾರಿಗೂ ಕೊರತೆಯಾಗದಂತೆ ಸಾಗುತ್ತದೆ. ಮೆಮೊರಿ, ಎಂದರೆ ಅಂಗಡಿಯವರು ರ್ಯಾಮ್ ಎಂದು ಕರೆಯುವ ವಸ್ತು, ತರಗತಿಯ ಬೆಂಚಿನಂತೆ. ನಾಲ್ಕು ತರಗತಿಯ ಹುಡುಗರು ಏಕಕಾಲಕ್ಕೆ ಬಂದರೆ ನಾಲ್ಕು ತರಗತಿಗಳಷ್ಟು ಬೆಂಚುಗಳಿರಲೇಬೇಕು. ಇರುವ ಮೆಮೊರಿಯನ್ನೇ ಹಿಂಡಿ ಹೊಂದಿಸುವ ಕೆಲವು ಉಪಾಯಗಳು ಹೈಪರ್‌ವೈಸರುಗಳಲ್ಲಿ ಇವೆಯಾದರೂ ಅವನ್ನು ನಂಬಿ ಯಂತ್ರ ಕೊಳ್ಳುವುದು ಸರಿಯಲ್ಲ.

ಲೆಕ್ಕ ಹಾಕಿ ನೋಡೋಣ. ಜಾಲನಿರ್ವಹಣೆಯನ್ನು ಕಲಿಯಬಯಸುವವನಿಗೆ ವಿಂಡೋಸ್ ಸರ್ವರ್ ಒಂದು, ಅದರ ಸೇವೆಯನ್ನು ಪಡೆಯುವ ವಿಂಡೋಸ್ ಯಂತ್ರ ಒಂದು, ಲಿನಕ್ಸ್ ಯಂತ್ರಗಳು ಮೂರು, ಇವನ್ನು ಕೂಡಿಸುವ ರೌಟರ್ ಒಂದು ಬೇಕೆನ್ನಿ. ವಿಂಡೋಸಿನ ಎರಡಕ್ಕೂ ನಾಲ್ಕು ನಾಲ್ಕು ಗಿಗಾಬೈಟ್, ಲಿನಕ್ಸಿನ ಮೂರಕ್ಕೆ ಎರಡೆರಡು, ರೌಟರಿಗೆ ಒಂದು, ಆತಿಥೇಯ ಗಣಕದ ಸ್ವಂತಕ್ಕೆ ನಾಲ್ಕು: ಒಟ್ಟು 19. ಹದಿನಾರು ಸಾಲದು. 32 ಇದ್ದರೆ ನೆಮ್ಮದಿ. ಇದಕ್ಕೆ ನಾಲ್ಕು ಕೋರ್‌ಗಳ ಹಳೆಯ ಪ್ರೊಸೆಸರ್ ಧಾರಾಳವಾಗಿ ಸಾಕು. ಬೆಲೆ ಹೆಚ್ಚಾದುದೆಲ್ಲ ಮೇಲೆಂಬ ನಂಬಿಕೆ ಪ್ರೊಸೆಸರುಗಳ ವಿಷಯದಲ್ಲಿಯೂ ಪೂರ್ಣ ನಿಜವಲ್ಲ. ಇಂಟೆಲ್ ಸಂಸ್ಥೆಯ ಐ7-2600ಕೆ ಎಂಬುದು ಅದರ ಸೋದರ ಐ7-2600ಕ್ಕಿಂತ ದುಬಾರಿಯಾಗಿದ್ದರೂ, ಹೊರಗಿನ ಕಾರ್ಡುಗಳನ್ನು ನೇರವಾಗಿ ಮಿಥ್ಯಾಗಣಕಕ್ಕೆ ಒಪ್ಪಿಸುವ ವಿಟಿ-ಡಿ ಸೌಕರ್ಯ ಅಗ್ಗದುದರಲ್ಲಿ ಇತ್ತು, ದುಬಾರಿಯದರಲ್ಲಿ ಇರಲಿಲ್ಲ!

ಮೆಮೊರಿಯ ನಂತರದ ಸ್ಥಾನ ಡಿಸ್ಕಿನದು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಹಿಡಿಯುತ್ತದೆ. ಬೇಕಾದ ಸ್ಥಳ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಸೂಜಿ ಸರಿಯುವ ಕಾಲವನ್ನೂ ಸೇರಿಸಿದರೆ ಸೆಕೆಂಡಿಗೆ ನೂರು ಕಡೆಗಳಿಂದ ಓದಿದರೆ ಅದೇ ಹೆಚ್ಚು. ಆರು ಮಿಥ್ಯಾಗಣಕಗಳು ಒಟ್ಟಿಗೆ ಬೇರೆಬೇರೆ ಕಡೆಗಳಿಂದ ಕೇಳಿದಾಗ ಆ ಬಡಪಾಯಿ ಏನು ಮಾಡೀತು? ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇದೇ ಕೆಲಸವನ್ನು ಸೆಕೆಂಡಿಗೆ ಸಾವಿರಾರು ಬಾರಿ ಮಾಡುತ್ತದೆ.

ಇಂತಹ ಯಂತ್ರಕ್ಕಾಗಿ ಹೊಸ ಪೆಟ್ಟಿಗೆಯನ್ನು ಕೊಳ್ಳಬೇಕಾಗಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11 ಇಂಟೆಲಿನ ಎಂಟನೆಯ ತಲೆಮಾರಿಗಿಂತ ಹಿಂದಿನ ಬಹುತೇಕ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಆದಕಾರಣ ಕಚೇರಿಗಳು ಕೈಬಿಡುವ ಗಟ್ಟಿಮುಟ್ಟಾದ ಡೆಸ್ಕ್‌ಟಾಪ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಸ್ಥಳಗಳಿಗೆ ಬರುತ್ತವೆ. ಲಿನಕ್ಸನ್ನು ಆತಿಥೇಯವಾಗಿ ಇಟ್ಟುಕೊಳ್ಳುವವನಿಗೆ ವಿಂಡೋಸ್ 11ರ ಈ ಬಹಿಷ್ಕಾರದಿಂದ ಬಾಧೆಯಿಲ್ಲ. ಇವುಗಳಲ್ಲಿ ಆರನೆಯ ಮತ್ತು ಏಳನೆಯ ತಲೆಮಾರಿನವು ನಮ್ಮ ಆಯ್ಕೆ. ಮೆಮೊರಿಗೆ ನಾಲ್ಕು ಕಿಂಡಿಗಳಿದ್ದರೆ 64 ಗಿಗಾಬೈಟಿನವರೆಗೂ ಏರಿಸಬಹುದು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ವಿಪರೀತ ಏರಿತು ಎಂಬುದನ್ನು ಬಲ್ಲೆವು. ಬೆಲೆ ಏರಿರುವಾಗ ಅದನ್ನು ಕಡಮೆ ಕೊಳ್ಳುವುದಕ್ಕಿಂತ, ಆಗಲೇ 16 ಗಿಗಾಬೈಟ್ ತುಂಬಿರುವ ಹಳೆಯ ಪೆಟ್ಟಿಗೆಯನ್ನು ಹುಡುಕುವುದು ಬುದ್ಧಿವಂತಿಕೆ. ಕಿಂಡಿಗಳು ಖಾಲಿಯಿದ್ದರೆ ಉಳಿದುದನ್ನು ಮುಂದೆ ಸೇರಿಸಬಹುದು.

ಹಳೆಯದೆಲ್ಲ ಒಳ್ಳೆಯದೆಂದೂ ಭಾವಿಸಬಾರದು. ದೊಡ್ಡ ಸಂಸ್ಥೆಯೊಂದು ತೆಗೆದುಹಾಕಿದ ಚಪ್ಪಟೆಯ ಸರ್ವರೊಂದನ್ನು ನಾವೇ ಅಗ್ಗವೆಂದು ತಂದೆವು. ಅದರ ಫ್ಯಾನುಗಳ ಸದ್ದು ಕೇಳಿ ಮನೆಯವರು ಅದಕ್ಕೆ ‘ಹಿಟ್ಟಿನ ಗಿರಣಿ’ ಎಂದು ಹೆಸರಿಟ್ಟರು. ಏನೂ ಮಾಡದೆ ಕುಳಿತಿದ್ದಾಗಲೂ ಅದು 150 ವಾಟ್ ಸೆಳೆಯುತ್ತಿತ್ತು: ತಿಂಗಳಿಗೆ 108 ಯೂನಿಟ್. ಅಷ್ಟೂ ವಿದ್ಯುತ್ತು ಕಡೆಗೆ ಉಷ್ಣವಾಗಿ ಕೋಣೆಗೇ ಬಂದು ಸೇರುವುದೆಂಬುದನ್ನು ವಿದ್ಯಾರ್ಥಿಗಳಿಗೆ ಬೋಧಿಸುವ ನಮಗೆ ಏಪ್ರಿಲ್ ತಿಂಗಳಿನಲ್ಲಿ ಅದರ ಅನುಭವವೂ ಆಯಿತು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯನ್ನು ನೆಚ್ಚಿದ ಮನೆಗೆ ಇಂತಹ ಅತಿಥಿ ತಕ್ಕವನಲ್ಲ. ಈಗ ನಾವು ಬಳಸುವ ಕಚೇರಿಯ ಹಳೆಯ ಪೆಟ್ಟಿಗೆ ಸುಮ್ಮನಿರುವಾಗ 25 ವಾಟ್, ತಿಂಗಳಿಗೆ 18 ಯೂನಿಟ್ ಮಾತ್ರ ಬಯಸುತ್ತದೆ.

ಯಂತ್ರವೇ ಬೇಡ, ದೂರದ ಗಣಕವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯಿರಿ ಎನ್ನುವ ಮಿತ್ರರು ನಮಗಿದ್ದಾರೆ. ವಾರದ ಕೆಲಸಕ್ಕೆ ಅದು ಸರಿ. ಕಲಿಯುವವನು ಯಂತ್ರವನ್ನು ಹತ್ತಾರು ಬಾರಿ ಕೆಡಿಸಬೇಕು, ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ನೋಡಬೇಕು. ಬಿಲ್ಲಿನ ಭಯ ಬೆನ್ನ ಹಿಂದಿದ್ದರೆ ಅವನು ಯಾವುದನ್ನೂ ಕೆಡಿಸುವುದಿಲ್ಲ, ಕಲಿಯುವುದೂ ಇಲ್ಲ.

ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಮುಚ್ಚಳ ತೆಗೆಸಿ ಮೆಮೊರಿಯ ಕಿಂಡಿಗಳನ್ನು ಎಣಿಸಬೇಕು. ಬಯಾಸ್ ಪರದೆಯನ್ನು ತೆರೆದು ವರ್ಚುವಲೈಸೇಷನ್ ಎಂಬ ಆಯ್ಕೆ ಇದೆಯೇ ಎಂದು ನೋಡಬೇಕು. ಅನೇಕ ಯಂತ್ರಗಳಲ್ಲಿ ಅದು ಇದ್ದೂ ಆರಿಸಲ್ಪಟ್ಟಿರುತ್ತದೆ, ಹೊಸಬರು ಅದನ್ನರಿಯದೆ ವಾರಗಟ್ಟಲೆ ತೊಳಲುತ್ತಾರೆ. ಮನೆಗೆ ತಂದ ಮೇಲೆ ಮೆಮ್‌ಟೆಸ್ಟ್ ಎಂಬ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿ, ದೋಷ ಕಂಡರೆ ಮರುದಿನವೇ ಹಿಂದಿರುಗಿಸುವ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳಬೇಕು.

ನಮ್ಮ ವಿದ್ಯಾರ್ಥಿ 2025ರ ಬೇಸಿಗೆಯಲ್ಲಿ, ಬೆಲೆಗಳು ಏರುವ ಮೊದಲೇ, ಗ್ರಾಫಿಕ್ಸ್ ಕಾರ್ಡನ್ನು ಸ್ನೇಹಿತನೊಬ್ಬನಿಗೆ ಮಾರಿ 16 ಗಿಗಾಬೈಟಿನ ಎರಡು ಮೆಮೊರಿ ಪಟ್ಟಿಗಳನ್ನು ತಂದನು. ಅದೇ ಪೆಟ್ಟಿಗೆಯಲ್ಲಿ ಈಗ ಆರು ಮಿಥ್ಯಾಗಣಕಗಳು ನಡೆಯುತ್ತಿವೆ. ಬಣ್ಣದ ದೀಪಗಳನ್ನು ಅವನು ಇನ್ನೂ ಆರಿಸಿಲ್ಲ.