ಟಾರ್ಚ್ ಹಿಡಿಯುವವರ ಕಷ್ಟ

ಗೆಳತಿಯರೇ, ಭಾನುವಾರ ತಿಂಡಿ ಮುಗಿಸಿದ ಯಜಮಾನರು ಹಳೇ ಲುಂಗಿ ಸುತ್ತಿಕೊಂಡು, "ಇದಕ್ಕೆಲ್ಲ ಮೆಕ್ಯಾನಿಕ್ ಯಾಕೆ? ಹತ್ತು ನಿಮಿಷದ ಕೆಲಸ" ಅಂತ ಕಾರಿನ ಬಾನೆಟ್ ಎತ್ತಿದರೆಂದರೆ, ಅಂದಿನ ಊಟ ಎಷ್ಟು ಹೊತ್ತಿಗೆ ಎಂಬುದನ್ನು ಯಾವ ಜೋಯಿಸರೂ ಹೇಳಲಾರರು!

1983ರಲ್ಲಿ ಬಂದ ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿತು. ಆದರೂ ನಮ್ಮ ಊರುಗಳಲ್ಲಿ ಅದಿನ್ನೂ ಓಡುತ್ತಿದೆ. ಇಂಥ ಹಳೇ ಗಾಡಿ ಮನೆಯಲ್ಲಿದ್ದರೆ ರಿಪೇರಿಯ ಹುಚ್ಚೂ ಜೊತೆಗೇ ಇರುತ್ತದೆ.

ಯಾವ ಗಾಡಿಗೂ ಬರುವ ಒಂದು ಕಾಯಿಲೆ ನೋಡಿ. ಕೀ ತಿರುಗಿಸಿದರೆ 'ಟಕ್' ಅನ್ನುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ, ಉಪ್ಪಿನಕಾಯಿಗೆ ಬೂಷ್ಟು ಬಂದ ಹಾಗೆ. ಅದನ್ನು ಉಜ್ಜಿ ತೆಗೆದರೆ ಎಷ್ಟೋ ಸಲ ಗಾಡಿ ಹೊರಡುತ್ತದೆ. ನಿಜಕ್ಕೂ ಹತ್ತೇ ನಿಮಿಷ. ಆದರೆ ಮೊದಲು ನಟ್ಟು ಬಿಚ್ಚಬೇಕಲ್ಲ! ಡಬ್ಬಿಯಲ್ಲಿ 12-13ರ ಸ್ಪ್ಯಾನರ್ ಇದೆ, 14-15ರದ್ದಿದೆ, ಬೇಕಾದ 10-11ರದ್ದು ಮಾತ್ರ ಇಲ್ಲ. ಇಕ್ಕಳದಲ್ಲಿ ತಿರುಚಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಆಮೇಲೆ ಸರಿಯಾದ ಸ್ಪ್ಯಾನರ್ ಸಿಕ್ಕರೂ ಹಿಡಿತ ಸಿಗದು. ಸಂಜೆಗೆ ಮೆಕ್ಯಾನಿಕ್ಕೇ ಗತಿ. ಬಂದವನು ಕೇಳುವ ಮೊದಲ ಮಾತು, "ಯಾರು ಸಾರ್ ಇದಕ್ಕೆ ಕೈ ಹಾಕಿದ್ದು?"

ಇಷ್ಟು ಹೊತ್ತೂ ಟಾರ್ಚ್ ಹಿಡಿದು ನಿಂತವರು ಯಾರು ಹೇಳಿ? ನಾವೇ. "ಅಲ್ಲಲ್ಲ, ಇಲ್ಲಿ ಹಿಡಿ ಅಂದ್ರೆ!" ನಟ್ಟಿನ ಮೇಲಿನ ಸಿಟ್ಟೆಲ್ಲ ನಮ್ಮ ಮೇಲೆ. ಒಳಗೆ ಸಾರು ಆರಿ ಕೂತಿರುತ್ತದೆ.

ನನ್ನನ್ನು ಕೇಳಿದರೆ, ಟಾರ್ಚನ್ನು ಅವರ ಕೈಗೆ ಕೊಟ್ಟು ಆ ಕೆಲಸ ನೀವೇ ಮಾಡಿ. ಮೊದಲು ಬಳೆ, ಉಂಗುರ ತೆಗೆದಿಡಿ. ಚಿನ್ನದ ಬಳೆ ಪ್ಲಸ್ಸಿಗೂ ಗಾಡಿಯ ಬಾಡಿಗೂ ಒಟ್ಟಿಗೆ ತಗುಲಿದರೆ ಕ್ಷಣದಲ್ಲಿ ಕಾದು ಕೈ ಸುಡುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುವುದರಿಂದ ಹತ್ತಿರ ದೀಪವಾಗಲಿ, ಯಜಮಾನರ ಸಿಗರೇಟಾಗಲಿ ಬೇಡ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ಪುಡಿಯ ಮೇಲೆ ಸ್ವಲ್ಪ ಸ್ವಲ್ಪವೇ ಸುರಿಯಿರಿ. ಬ್ಯಾಟರಿಯ ಒಳಕ್ಕೆ ಮಾತ್ರ ಇಳಿಯಬಾರದು. ನೊರೆ ಬಂದು ಪುಡಿ ಕರಗುತ್ತದೆ, ನಟ್ಟಿನ ಹಠವೂ ಇಳಿಯುತ್ತದೆ. ಸರಿಯಾದ ಸ್ಪ್ಯಾನರ್ ತರಿಸಿಯೇ ತಿರುಗಿಸಿ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಪ್ಲಸ್ ಮೊದಲು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಬಿಗಿ ಮಾಡಿದ ಮೇಲೆ ಚೂರು ವ್ಯಾಸಲೀನ್ ಸವರಿ.

ಆದರೆ ಅವರು ಕಾರಿನ ಅಡಿಗೆ ನುಸುಳಲು ಹೊರಟರೆ ಸುಮ್ಮನಿರಬೇಡಿ. ಗಾಡಿಯ ಜೊತೆ ಬರುವ ಜಾಕ್ ಇರುವುದು ಚಕ್ರ ಬದಲಿಸುವುದಕ್ಕೆ. ಬರೀ ಅದನ್ನೇ ನಂಬಿ ಕೆಳಗೆ ಮಲಗಿ, ಜಾಕ್ ಜಾರಿ ಪ್ರಾಣ ಕಳೆದುಕೊಂಡವರಿದ್ದಾರೆ. ಜಗಳವಾದರೂ ಚಿಂತೆಯಿಲ್ಲ, ಲುಂಗಿ ಹಿಡಿದು ಎಳೆಯಿರಿ!

ಹಾಂ, ಮರೆಯುವ ಮುಂಚೆ ಹೇಳಿಬಿಡುತ್ತೇನೆ: ಸೋಡಾ ನೀರು ಸುರಿದ ಲೋಟ ಮತ್ತೆ ಅಡುಗೆಮನೆಗೆ ಬೇಡ. ಆ ಪುಡಿಯಲ್ಲಿ ಸೀಸ ಇರುತ್ತದೆ.