ನೆಲದ ಕಾವೂ ಗಾಳಿಯ ಕಾವೂ

2022ನೆಯ ಇಸವಿ ಏಪ್ರಿಲ್ ತಿಂಗಳ ಕೊನೆಯಲ್ಲಿ ವಾಯವ್ಯ ಭಾರತವು ಬಿಸಿಲಿನ ಝಳದಿಂದ ಬೇಯುತ್ತಿದ್ದಾಗ, ಯೂರೋಪಿನ ಸೆಂಟಿನೆಲ್-3 ಎಂಬ ಕೃತಕೋಪಗ್ರಹವು ಅಲ್ಲಿಯ ಕೆಲವೆಡೆ ಉಷ್ಣವು 60 ಡಿಗ್ರಿ ಸೆಂಟಿಗ್ರೇಡನ್ನು ಮೀರಿದುದಾಗಿ ತೋರಿಸಿತು. ಗಾಳಿಯೇ ಅಷ್ಟು ಕಾದಿತ್ತೆಂದು ಭ್ರಮಿಸುವುದು ಸುಲಭವು. ಆದರೆ ಅದು ನೆಲದ ಕಾವೇ ಹೊರತು ಗಾಳಿಯದಲ್ಲ. ಹವಾಮಾನ ಇಲಾಖೆಯವರು ಅಳೆಯುವುದು, ನೆಲದಿಂದ ನಾಲ್ಕೈದು ಅಡಿ ಮೇಲೆ ನೆರಳಿನ ಪೆಟ್ಟಿಗೆಯೊಳಗಣ ಗಾಳಿಯ ಉಷ್ಣವನ್ನು.

ಕಾದ ವಸ್ತುಗಳೆಲ್ಲವೂ ಕಣ್ಣಿಗೆ ಕಾಣದ ಕಿರಣಗಳನ್ನು ಹೊರಸೂಸುವುವು. ಕೆಂಪು ಬಣ್ಣದಾಚೆಗಿನ ಇಂತಹ ಕಿರಣಗಳನ್ನು 1800ರಲ್ಲಿ ವಿಲಿಯಂ ಹರ್ಷೆಲನು ಉಷ್ಣಮಾಪಕದಿಂದಲೇ ಕಂಡುಹಿಡಿದನು. ಅವುಗಳ ತೀಕ್ಷ್ಣತೆಯಿಂದ ಉಪಗ್ರಹವು ನೆಲದ ಉಷ್ಣವನ್ನು ಗಣಿಸುವುದು. ಈ ಗಣನೆಗೆ ಅಡ್ಡಿಗಳುಂಟು. ಮೋಡ ಕವಿದರೆ ನೆಲವು ಕಾಣದು. ಗಾಳಿಯಲ್ಲಿನ ನೀರಾವಿಯು ಕಿರಣಗಳಲ್ಲಿ ಒಂದಂಶವನ್ನು ಹೀರುವುದು. ಅಮೆರಿಕದ ಲ್ಯಾಂಡ್‌ಸ್ಯಾಟ್-8 ಉಪಗ್ರಹವು 100 ಮೀಟರಿನಷ್ಟು ಸೂಕ್ಷ್ಮವಾಗಿ ಉಷ್ಣವನ್ನು ನೋಡಬಲ್ಲುದಾದರೂ ಒಂದೇ ಸ್ಥಳಕ್ಕೆ ಮರಳುವುದು 16 ದಿನಗಳಿಗೊಮ್ಮೆ. ನಮ್ಮ ಇನ್‌ಸ್ಯಾಟ್-3ಡಿಆರ್ ಅರ್ಧ ಗಂಟೆಗೊಮ್ಮೆ ನೋಡುವುದಾದರೂ ಅದರ ಉಷ್ಣಚಿತ್ರದ ಒಂದೊಂದು ಚುಕ್ಕೆಯೂ 4 ಕಿಲೋಮೀಟರಿನಷ್ಟು ಅಗಲವು. ಅದರಲ್ಲಿ ಬೀದಿಯೂ ತೋಪೂ ಕೆರೆಯೂ ಒಂದಾಗಿ ಕಲೆತುಹೋಗುವುವು.

ಇವೆಲ್ಲಕ್ಕಿಂತಲೂ ಚಿಂತನೀಯವಾದುದು ಇನ್ನೊಂದುಂಟು. ಬಣ್ಣ ಬಳಿಯದ ಹೊಳೆಯುವ ತಗಡು ಎಷ್ಟೇ ಕಾದರೂ ಈ ಕಿರಣಗಳನ್ನು ಹೊರಸೂಸುವುದು ಅತ್ಯಲ್ಪ. ಆ ಅಂಶವನ್ನು ಲೆಕ್ಕಕ್ಕೆ ತಾರದಿದ್ದರೆ, ಮಧ್ಯಾಹ್ನದಲ್ಲಿ ಒಲೆಯಂತಾಗುವ ಬಡವನ ತಗಡಿನ ಮನೆಯು ನಕಾಶೆಯಲ್ಲಿ ತಂಪಾದ ಸ್ಥಳವೆಂದು ಮೂಡೀತು! ಅದನ್ನು ನಂಬಿ ನೀರಿನ ಅರವಟ್ಟಿಗೆಯನ್ನೂ ನೆರಳಿನ ಚಪ್ಪರವನ್ನೂ ಬೇರೆಡೆ ಹಾಕಿಸಿದರೆ ಅದಕ್ಕಿಂತ ಅನ್ಯಾಯವುಂಟೇ?

ಹಾಗೆಂದು ಉಪಗ್ರಹದ ನಕಾಶೆಯನ್ನು ತಿರಸ್ಕರಿಸಬೇಕೆಂದು ನಾವು ಹೇಳುವುದಿಲ್ಲ. ಊರಿಗೊಂದೆರಡು ಉಷ್ಣಮಾಪಕಗಳಿದ್ದರೆ ಅವು ಪ್ರತಿಯೊಂದು ಬೀದಿಯ ಸಂಕಟವನ್ನೂ ಅರಿಯಲಾರವು. ಮರವಿಲ್ಲದ ಬೀದಿಯಾವುದು, ಕಾದ ಬಯಲಾವುದೆಂಬುದನ್ನು ಒಂದೇ ನೋಟಕ್ಕೆ ತೋರಿಸುವ ಶಕ್ತಿಯು ಆ ನಕಾಶೆಗುಂಟು. ಭಾರತ ಫ್ರಾನ್ಸುಗಳು ಕೂಡಿ ಯೋಜಿಸಿರುವ ತೃಷ್ಣಾ ಉಪಗ್ರಹವು ಈ ನೋಟವನ್ನು ಇನ್ನೂ ಸೂಕ್ಷ್ಮಗೊಳಿಸುವ ಉದ್ದೇಶದ್ದು. ಆದುದರಿಂದ ಪುರಸಭೆಗಳ ಅಧಿಕಾರಿಗಳು ನಕಾಶೆಯನ್ನು ತೀರ್ಪೆಂದೆಣಿಸದೆ ಸುಳಿವೆಂದೆಣಿಸಿ, ಉಷ್ಣಮಾಪಕವನ್ನು ಕೈಯಲ್ಲಿ ಹಿಡಿದು ತಾವೇ ಆ ಬೀದಿಗಳಿಗೆ, ಆ ತಗಡಿನ ಸೂರುಗಳೊಳಕ್ಕೆ, ನಡುಮಧ್ಯಾಹ್ನದಲ್ಲಿ ಹೋಗಿ ನೋಡಬೇಕು. ಆಕಾಶದಿಂದ ನೋಡಿದವರು ನೆಲಕ್ಕಿಳಿದೂ ನೋಡಿದರೆ ಮಾತ್ರವೇ ಈ ವಿದ್ಯೆಯು ಪ್ರಜೆಗಳಿಗೆ ಸಾರ್ಥಕವಾಗುವುದು.